ಹಿಮ್ಮಡಿಯ ಬಣ್ಣ

ಬ್ಯಾಡಗಿ ಪೇಟೆಯಲ್ಲಿ ನಮ್ಮ ಅಕ್ಕನ ಗಂಡ ಕರಬಸಪ್ಪ ಮಾವನಷ್ಟು ಮೆಣಸಿನಕಾಯಿ ಬಲ್ಲವರಿಲ್ಲ ಎಂದು ಊರೇ ಹೇಳುತ್ತದೆ. ಊರಿಗಿಂತ ಮೊದಲು ಮಾವನೇ ಹೇಳುತ್ತಾರೆ. ಟೆಂಡರ್ ದಿನ ಬೆಳಿಗ್ಗೆಯಿಂದ ಚೀಲದ ಸಾಲುಗಳ ನಡುವೆ ನಡೆದು, ಬಣ್ಣ ನೋಡಿಯೇ ದರ ಬರೆಯುವ ಮನುಷ್ಯ. ಅಂಥವರು ಜನವರಿಯಲ್ಲಿ ಒಟ್ಟಿದ ಚೀಲಗಳ ಮೇಲಿಂದ ಜಾರಿ ಬಲಗಾಲಿನ ಹಿಮ್ಮಡಿ ಮುರಿದುಕೊಂಡರು.

ರಾಣೆಬೆನ್ನೂರಿಗೆ ನಾನೇ ಕಾರಿನಲ್ಲಿ ಕರೆದೊಯ್ದೆ. ಅಕ್ಕ ಶಾರದವ್ವನೂ ಬಂದಳು. ಎಲುಬಿನ ಡಾಕ್ಟರು ಶ್ರೀದೇವಿ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಇಡೀ ಹಿಮ್ಮಡಿಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ ತಿರುಗಿಸಿ ತೋರಿಸಿದರು.

“ಇಲ್ಲಿ ನೋಡ್ರಿ, ಕೀಲು ಕೂಡೂ ಜಾಗ ಒಳಗ ಕುಸದೈತಿ. ಎರಡು ವಾರದೊಳಗ ಆಪರೇಶನ್ ಆಗಬೇಕು. ಇಲ್ಲಂದ್ರ ಸೊಟ್ಟ ಕೂಡಿಕೊಂಡು ಜೀವನಪೂರ್ತಿ ಕುಂಟಬೇಕಾಗತೈತಿ.”

ಮಾವ ಕುಸಿದದ್ದನ್ನು ನೋಡಲಿಲ್ಲ. ಪರದೆಯ ಮೇಲಿನ ಎಲುಬು ಕಡುಗೆಂಪಾಗಿತ್ತು. ಅವರು ನೋಡಿದ್ದು ಅದನ್ನು. ವಿಡಿಯೋವನ್ನು ಮೊಬೈಲಿಗೆ ಹಾಕಿಸಿಕೊಂಡರು.

ಮರುದಿನ ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿ ಕುಳಿತು, ಬಂದವರಿಗೆಲ್ಲ ಎಲುಬು ತೋರಿಸತೊಡಗಿದರು. ವ್ಯಾಪಾರಿ ನಬಿಸಾಬ ಮೊಬೈಲನ್ನು ಬಾಗಿಲ ಬೆಳಕಿಗೆ ಹಿಡಿದು, ಸ್ಯಾಂಪಲ್ ನೋಡುವಂತೆ ನೋಡಿದ.

“ಖರೇನ ಡಬ್ಬಿ ಕಾಯಿ ಬಣ್ಣ ಐತ್ರಿ ಸಾವಕಾರ್ರ. ಒಂದು ಬಿಳಿ ಚುಕ್ಕಿ ಇಲ್ಲ.”

ಡಬ್ಬಿ ಎಂದರೆ ನಮ್ಮಲ್ಲಿ ಮೊದಲ ದರ್ಜೆಯ ಮೆಣಸಿನಕಾಯಿ. ಬಿಳಿ ಚುಕ್ಕೆ ಬಿದ್ದದ್ದು ಕೆಟ್ಟ ಮಾಲು.

“ಆ ಸೀಳು?” ಎಂದೆ ನಾನು.

“ಮುರಕ ಕಾಯಿ ಯಾವ ಚೀಲದಾಗ ಇರೂದಿಲ್ಲೋ ಶಂಭು? ಬಣ್ಣ ಹಿಡದೈತಿ ಅಂದ್ರ ಜೀವ ಐತಿ ಅಂತ. ತಾನ ಕೂಡತೈತಿ,” ಎಂದರು ಮಾವ.

ದಲಾಲರು, ಹಮಾಲರು, ಚಹಾದವನು, ಎಲ್ಲರೂ ತಲೆಯಾಡಿಸಿದರು. ಹತ್ತು ವರ್ಷ ಎಲುಬನ್ನೇ ಓದಿದ ಡಾಕ್ಟರ ಕಡೆಗೆ ಇಡೀ ಪೇಟೆಯಲ್ಲಿ ಒಂದು ಓಟೂ ಬೀಳಲಿಲ್ಲ. ಅಕ್ಕ ದಿನಾ ಜಗಳಾಡಿದಳು, ಅತ್ತಳು. ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂತು. ಮೂರು ಸಲವೂ ಮಾವನ ಉತ್ತರ ಒಂದೇ: “ಮಾಲು ಚಲೋ ಐತ್ರಿ ಮೇಡಂ.”

ಎರಡು ತಿಂಗಳಾದ ಮೇಲೂ ಕಾಲು ಊರಲಾಗದೆ, ಒಂದು ಬೆಳಿಗ್ಗೆ ತಾವೇ ಕಾರು ತೆಗೆ ಎಂದರು. ಮತ್ತೆ ಸ್ಕ್ಯಾನ್ ಆಯಿತು. ಎಲುಬು ಸೊಟ್ಟಗೆ ಕೂಡಿಕೊಂಡಿತ್ತು.

“ಬಣ್ಣ ಹಂಗ ಐತಲ್ರಿ?” ಮಾವ ಸಣ್ಣ ದನಿಯಲ್ಲಿ ಕೇಳಿದರು.

“ಬಣ್ಣ ಕಂಪ್ಯೂಟರ್ ಹಚ್ಚಿದ್ದರಿ,” ಎಂದು ಡಾಕ್ಟರು ಒಂದು ಗುಂಡಿ ಒತ್ತಿದರು. ಎಲುಬು ಹಸಿರಾಯಿತು. ಇನ್ನೊಮ್ಮೆ ಒತ್ತಿದರು, ನೀಲಿಯಾಯಿತು.

ಕಾಯಿಗೆ ಬಣ್ಣದ ಎಣ್ಣೆ ಸವರಿ ತಂದವರನ್ನು ಹತ್ತು ಮಾರು ದೂರದಿಂದಲೇ ಹಿಡಿಯುವ ಮಾವ, ಗೋಡೆ ನೋಡುತ್ತ ಕುಳಿತರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಷ್ಟು ದಿನ ಬೈದಿದ್ದ ಅಕ್ಕ ಈಗ ಬಗ್ಗಿ ಅವರ ಕಾಲಿಗೆ ಚಪ್ಪಲಿ ತೊಡಿಸಿದಳು.

ಈಗ ಟೆಂಡರ್ ದಿನ ಮಾವ ಕೋಲೂರಿಕೊಂಡು ಮೊದಲ ಸಾಲಿನ ತನಕ ಬರುತ್ತಾರೆ. ಅಲ್ಲಿಂದಾಚೆ ಕಾಲು ಮಾತು ಕೇಳುವುದಿಲ್ಲ. ಉಳಿದ ಸಾಲುಗಳ ಕಾಯಿಯನ್ನು ನಾನು ತಂದು ಕೈಗೆ ಕೊಡುತ್ತೇನೆ. ಬಣ್ಣ ಭಾರಿ ಐತಿ ಎಂದೆನೋ, ಸಿಡುಕುತ್ತಾರೆ.

“ಮುರದು ಒಳಗ ನೋಡೋ, ಹುಚ್ಚಪ್ಪ.”