ಮಿಕ್ಕ ಬಿಳಿ ತಂತಿ

"ಎದ್ದು ಬಾ ಅಣ್ಣ. ಬೆಳಕು ಹರಿಯೋ ಮುಂಚಿನಿಂದ ಕೂತಿದ್ದಾನೆ," ಎಂದಳು ತಾಲೀ, ಮೂರನೆಯ ಸಲ.

ಪೆಸಮಿನೊ ತಂಗಿಯ ಕಡೆ ತಿರುಗಲಿಲ್ಲ. ಗೋಡೆಯಿಲ್ಲದ ಮನೆಯ ಕಂಬಕ್ಕೆ ಒರಗಿ ಅಂಗಳವನ್ನೇ ನೋಡುತ್ತಿದ್ದ. ಹುಲ್ಲಿನ ಮೇಲೆ ಲಾಫೈ ತಲೆ ತಗ್ಗಿಸಿ ಕುಳಿತಿದ್ದ. ಅವನ ಮೇಲೆ ಅವನ ಮನೆತನದ ಹಳೆಯ ನಯವಾದ ಚಾಪೆ ಹೊದಿಸಿತ್ತು. ಹಿಂದೆ ಅವನ ಮಕ್ಕಳು, ಅಳಿಯಂದಿರು, ತಮ್ಮಂದಿರು ತಲೆ ಎತ್ತದೆ ಕುಳಿತಿದ್ದರು. ಸಾವು ತಂದವನು ಹೀಗೆ ಬಂದು ಕೂರಬೇಕು. ಸಾವಾದ ಮನೆಯ ಹಿರಿಯ ಇಳಿದುಬಂದು ಚಾಪೆ ಎತ್ತಬೇಕು. ಅಲ್ಲಿಯವರೆಗೆ ಅವನಾಗಲಿ ಅವನ ಕಡೆಯವರಾಗಲಿ ಏಳುವಂತಿಲ್ಲ. ಅಜ್ಜನ ಕಾಲದಲ್ಲಿ ಚಾಪೆಯ ಬದಲು ಕತ್ತಿ ಎತ್ತಿದವರೂ ಇದ್ದರು.

ಅಂಗಳದ ಅಂಚಿನಲ್ಲಿ ಹೆಂಡತಿ ಎಸೆತಾಳ ಸಮಾಧಿಯ ಸಿಮೆಂಟು ಇನ್ನೂ ಪೂರ್ತಿ ಬಿಳಿಚಿರಲಿಲ್ಲ. ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಆ ಕರೆಂಟಿನ ಒಲೆಯನ್ನು ಅವರ ಮಗಳು ಅಮೆರಿಕದ ಆಡಳಿತದಲ್ಲಿರುವ ಪಾಗೊ ಪಾಗೊದಿಂದ ಹಡಗಿನಲ್ಲಿ ಕಳಿಸಿದ್ದಳು. ನಾಲ್ಕು ಉರಿ, ಕೆಳಗೆ ರೊಟ್ಟಿ ಬೇಯಿಸುವ ಗೂಡು, ಅದರೊಳಗೊಂದು ಪುಟ್ಟ ದೀಪ. ಎಸೆತಾ ಅದನ್ನು ದಿನಕ್ಕೆರಡು ಸಲ ಒರೆಸುತ್ತಿದ್ದಳು. ಜೋಡಿಸಿಕೊಟ್ಟವನು ಲಾಫೈ. ಆಕ್ಲೆಂಡಿನ ಕಾರ್ಖಾನೆಯಲ್ಲಿ ಆರು ವರ್ಷ ಇದ್ದು ಬಂದವನು. ಊರಿಗೆ ಬಂದ ಅಮೆರಿಕದ ಸಾಮಾನಿಗೆಲ್ಲ ಅವನದೇ ಕೈ. ಅಪಿಯಾದಿಂದ ಎಲೆಕ್ಟ್ರಿಷಿಯನ್ ಕರೆಸೋಣ ಎಂದು ಪೆಸಮಿನೊ ಅಂದಿದ್ದ. "ಮನೆ ಬಾಗಿಲಲ್ಲಿ ನಾನಿರುವಾಗ ಪಟ್ಟಣದವರಾ? ನನ್ನ ಮುಖಕ್ಕೆ ಉಗಿದ ಹಾಗೆ," ಎಂದು ಲಾಫೈ ಮುನಿಸಿಕೊಂಡ. ಅವನು ತನ್ನ ಮನೆತನದ ಯಜಮಾನ. ಯಜಮಾನನಿಗೆ ಬೇಡವೆನ್ನುವುದು ಹೇಗೆ? ಪೆಸಮಿನೊ ಸುಮ್ಮನಾದ. ಆ ಸುಮ್ಮನಾದದ್ದು ಈಗ ಒಂಬತ್ತು ದಿನದಿಂದ ಅವನ ಎದೆಯಲ್ಲಿ ಕುದಿಯುತ್ತಿತ್ತು.

ಸತ್ತ ಮಾರನೆಯ ದಿನ ಅಪಿಯಾದ ಎಲೆಕ್ಟ್ರಿಷಿಯನ್ ಮಾಸಿನಾ ಬಂದು ಒಲೆಯ ಬೆನ್ನು ಬಿಚ್ಚಿದಳು. ಟೇಪು ಸುತ್ತಿ ಮಡಚಿಟ್ಟ ಒಂದು ತಂತಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು.

"ಇದನ್ನ ಕಟ್ಟಿದೋರು ಯಾರು ಮಾವ?"

"ಯಾಕಮ್ಮ?"

"ಕೆಂಪು ಬರೋದು, ಕಪ್ಪು ಹೋಗೋದು ಅಂತ ನಮ್ಮ ಮನೆಗಳ ಲೆಕ್ಕದಲ್ಲಿ ಕಟ್ಟಿದಾರೆ. ಬಿಳಿ ಮಿಕ್ಕಿದೆ, ಕತ್ತರಿಸಿ ಬಿಟ್ಟಿದಾರೆ. ಅಮೆರಿಕದ ಒಲೇಲಿ ಈ ಬಿಳಿ ತಂತಿಗೇ ಒಲೆಯ ಮೈ ಕಟ್ಟಿರುತ್ತೆ. ಬಿಳಿ ಇಲ್ಲದೇನೂ ಒಲೆ ಉರಿಯುತ್ತೆ. ಆದ್ರೆ ಒಳಗಿನ ದೀಪ ಹಾಕಿದ್ರೆ ಮೈಯೆಲ್ಲ ಕರೆಂಟು." ಅವಳು ಪಕ್ಕದ ನಲ್ಲಿಯ ಕಡೆ ನೋಡಿದಳು. "ಪ್ಲಗ್ಗಿನ ಸ್ಕ್ರೂ ಬಿಗಿ ಮಾಡೋದು ಬೇರೆ, ಇದು ಬೇರೆ. ಇಂಥದ್ದಕ್ಕೆ ನಮ್ಮನ್ನ ಕರೀಬೇಕು ಮಾವ. ಒಂದು ತಂತಿ ಮಿಕ್ಕಿತು ಅಂದ್ರೆ ಅಲ್ಲೇ ಕೈ ನಿಲ್ಲಿಸಬೇಕು."

ಒಲೆ ಜೋಡಿಸಿದ ಮೇಲೆ ಹನ್ನೊಂದು ದಿನ ಎಸೆತಾ ಆ ದೀಪ ಹಾಕಿರಲಿಲ್ಲ. ಹನ್ನೆರಡನೆಯ ದಿನ ರೊಟ್ಟಿ ಕೆಂಪಾಯಿತೇ ಎಂದು ನೋಡಲು ಹಾಕಿದಳು. ಒಂದು ಕೈ ಒಲೆಯ ಮೇಲೆ, ಒಂದು ಕೈ ನಲ್ಲಿಯ ಮೇಲೆ.

ಬಿಸಿಲು ಏರಿತು. ಪಾದ್ರಿಗಳು ಮೆಟ್ಟಿಲ ಬಳಿ ಬಂದರು. ಊರವರು ಬೇಲಿಗುಂಟ ನಿಂತಿದ್ದರು.

"ಚಾಪೆ ಎತ್ತು, ಪೆಸಮಿನೊ. ದೇವರ ಮುಂದೆ ಎಲ್ಲರೂ ತಪ್ಪಿತಸ್ಥರೇ."

"ಅಯ್ಯನವರೇ, ನಾನೂ ಎರಡು ಹೊತ್ತು ಮೊಣಕಾಲೂರೋನೇ. ದೇವರು ಕರೆಸಿಕೊಂಡ ಅಂತ ಸಮಾಧಿ ಮುಂದೆ ಹೇಳಿದಿರಿ, ನಿಮ್ಮ ಮುಖ ನೋಡಿ ಸುಮ್ಮನಿದ್ದೆ. ದೇವರು ತಂತಿ ಕತ್ತರಿಸಲಿಲ್ಲ."

"ಮುದುಕನಿಗೆ ಬಿಸಿಲು ತಾಗ್ತಿದೆಯಪ್ಪ!" ಎಂದು ಬೇಲಿಯ ಆಚೆಯಿಂದ ಯಾರೋ ಕೂಗಿದರು.

"ತಾಗಲಿ!" ಪೆಸಮಿನೊ ಎದ್ದು ನಿಂತ. "ಚಾಪೆ ಕೆಳಗೆ ಕೂರೋದು ಸುಲಭ. ಲೇ ಲಾಫೈ! ನನ್ನ ಮನೆ ಒಂದೇನಾ? ಇನ್ನು ಯಾರ್ಯಾರ ಮನೇಲಿ ತಂತಿ ಮಿಗಿಸಿದೀಯ? ಅದನ್ನ ಹೇಳು. ಆಮೇಲೆ ಚಾಪೆ."

"ಪೆಸಮಿನೊ, ಪದ್ಧತಿ ಅಂತ ಒಂದಿದೆ," ಎಂದರು ಪಾದ್ರಿಗಳು. "ಚಾಪೆ ಕೆಳಗಿರೋನನ್ನ ಪ್ರಶ್ನೆ ಕೇಳಬಾರದು."

"ಪದ್ಧತಿ ಅಂತಲೇ ಬಾಯಿ ಮುಚ್ಕೊಂಡೆ ಅಯ್ಯನವರೇ. ಹೆಂಡತಿ ಹೋದಳು."

ಚಾಪೆ ಅಲುಗಲಿಲ್ಲ. ಅದರೊಳಗಿಂದ ದನಿ ಬಂತು. "ಉಯಿಲಿ ಮನೆ ಬಟ್ಟೆ ಒಣಗಿಸೋ ಯಂತ್ರ."

ಬೇಲಿಯ ಬಳಿ ಉಯಿಲಿಯ ಹೆಂಡತಿ "ಅಯ್ಯೋ ನನ್ನ ಸೊಸೆ!" ಎಂದು ಲಂಗ ಎತ್ತಿಕಟ್ಟಿ ಓಡಿದಳು.

"ಮೇನ್ ಸ್ವಿಚ್ಚೇ ಕೆಳಗೆಳೀ! ಯಂತ್ರ ಮುಟ್ಟಬೇಡ!" ಪೆಸಮಿನೊ ಅವಳ ಬೆನ್ನಿಗೆ ಕೂಗಿದ. "ಆಮೇಲೆ?"

"ಸೋಪೊ ಮನೆ ಒಲೆ. ಅಂಗಡಿ ಹಿಂದಿನ ಮನೇದೂ."

ಒಬ್ಬೊಬ್ಬರಾಗಿ ಬೇಲಿ ಖಾಲಿಯಾಗತೊಡಗಿತು. "ಪಾದ್ರಿಗಳ ಮನೇದು," ಎಂದಾಗ ಪಾದ್ರಿಗಳು ಬಾಯಿ ತೆರೆದು, ಮುಚ್ಚಿ, ಒಂದು ಕೈಲಿ ಟೋಪಿ ಹಿಡಿದು ಬೀದಿಗಿಳಿದರು. ತಾಲೀ ಕೂಡ ಅವರ ಹಿಂದೆ ಓಡಿದಳು. ಅವರ ಸ್ವಿಚ್ಚು ಎಲ್ಲಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

"ಮುಗೀತಾ?"

ಪೆಸಮಿನೊ ಮೆಟ್ಟಿಲಿಳಿದು ಹತ್ತಿರ ಬಂದ. ಹತ್ತಿರ ಬಂದಷ್ಟೂ ಸಿಟ್ಟು ಹೆಚ್ಚಿತು. ಆ ಬಗ್ಗಿದ ಬೆನ್ನನ್ನು ಒದೆಯಬೇಕು ಅನ್ನಿಸಿತು. "ಮುಗೀತಾ ಅಂದೆ!"

"ಇಲ್ಲ." "ನಮ್ಮನೇದು. ಮೊದಲು ಕಟ್ಟಿದ್ದೇ ನಮ್ಮನೇದು. ಅದರಲ್ಲೂ ಮಿಕ್ಕಿತ್ತು."

"ಮನೇಲಿ ಯಾರಿದಾರೆ?"

"ಮಾಲಿಯಾ. ನೀವು ಒಪ್ಪಿದ ಮೇಲೆ ಊಟಕ್ಕೆ ಬೇಕಲ್ಲ ಅಂತ... ಕೋಳಿ, ರೊಟ್ಟಿ..."

ಹಿಂದೆ ಕುಳಿತ ಮಗ ಅಮ್ಮನ ಹೆಸರು ಕೇಳಿ ತಲೆ ಎತ್ತಿದ, ಏಳಲಿಲ್ಲ. ಯಾರೂ ಏಳುವಂತಿರಲಿಲ್ಲ. ಅಷ್ಟು ಜನರ ಕಣ್ಣು ಪೆಸಮಿನೊನ ಕೈಯ ಮೇಲಿತ್ತು.

ಅವನು ಚಾಪೆಯನ್ನು ಎರಡು ಕೈಯಲ್ಲಿ ಹಿಡಿದು ಕಿತ್ತೆಳೆದ. ಅಂಚಿಗೆ ಕಟ್ಟಿದ ಹಕ್ಕಿಗರಿಗಳು ಉದುರಿದವು. "ಓಡೋ ನಾಯಿ! ಓಡು!"

ಅರವತ್ತು ದಾಟಿದ ಲಾಫೈ ಜೋಮು ಹಿಡಿದ ಕಾಲಲ್ಲಿ ಒಮ್ಮೆ ಬಿದ್ದು, ಎದ್ದು, ಓಡಿದ. ಮಕ್ಕಳು ಅವನನ್ನು ದಾಟಿ ಓಡಿದರು. ಅಂಗಳದಲ್ಲಿ ಪೆಸಮಿನೊ ಒಬ್ಬನೇ ಉಳಿದ. ಕೈಯಲ್ಲಿದ್ದ ಚಾಪೆ ಇನ್ನೊಬ್ಬನ ಬೆನ್ನಿನ ಬೆವರಿಗೆ ಒದ್ದೆಯಾಗಿತ್ತು. ಸಮುದ್ರದ ಕಡೆಯ ಆ ಮನೆಯತ್ತ ಕಿವಿಗೊಟ್ಟು ನಿಂತ.

ಆಮೇಲೆ ದೀವಿಹಲಸಿನ ಮರಗಳ ಆಚೆಯಿಂದ ಮಾಲಿಯಾಳ ದನಿ ಕೇಳಿಸಿತು. "ಯಾರ್ರೀ ಆರಿಸಿದ್ದು? ರೊಟ್ಟಿ ಅರ್ಧ ಬೆಂದಿದೆ! ಅದೇನು ಹಾಗೆ ಓಡಿ ಬರ್ತೀರ, ಹುಚ್ಚು ಹಿಡಿದಿದೆಯಾ ನಿಮಗೆ? ಕಾಲು ನೋಡಿ, ಕೆಸರು! ಅಯ್ಯೋ, ಬಿಡಿ ನನ್ನ ಕೈ! ಮಕ್ಕಳ ಮುಂದೆ!"

ಅವಳು ಬೈಯುತ್ತಲೇ ಇದ್ದಳು. ಪೆಸಮಿನೊ ಹುಲ್ಲಿನ ಮೇಲೆ ಕುಳಿತು, ಅದು ನಿಲ್ಲುವವರೆಗೂ ಕೇಳಿದ.