ನಿದ್ದೆ ಮಾಡಲು ಹೋದವಳು

ಕಾರಿನ ಮುಂದಿನ ಸೀಟು ಖಾಲಿ ಇದ್ದರೂ ಆಕೆ ಹಿಂದೆ ಹೋಗಿ ಕೂತಳು. ಗಂಡನಿಗೆ ಅದು ಹಿಡಿಸಲಿಲ್ಲ. ನಾನೇನು ಬಾಡಿಗೆ ಗಾಡಿ ಓಡಿಸುವವನಾ ಎಂದು ಗೊಣಗಿದರು. ಕಾಲು ಚಾಚಬೇಕು, ಸಾಧ್ಯವಾದರೆ ಒಂದು ಕೋಳಿನಿದ್ದೆ ತೆಗೆಯಬೇಕು ಎಂದಷ್ಟೇ ಹೇಳಿ ಆಕೆ ಶಾಲು ಹೊದ್ದಳು. ಗಂಡ ಕನ್ನಡಿ ಸರಿಮಾಡಿಕೊಂಡರು.

ಆಕೆಯನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸಾಗಿ ಆಯಸ್ಸಿನ ಮುಕ್ಕಾಲು ಪಾಲು ಸವೆಸಿ ನಿವೃತ್ತಿಯಾಗಿದ್ದಳು. ಇನ್ನು ಬೆಳಿಗ್ಗೆ ತಡವಾಗಿ ಏಳಬಹುದು ಎಂದುಕೊಂಡ ವರ್ಷವೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಾದರೆ ಗಡಿಯಾರ ನೋಡಿಕೊಂಡು ಮುಂದಿನ ಪಾಳಿಯವಳಿಗೆ ವಹಿಸಿ ಹೊರಡಬಹುದಿತ್ತು. ಮನೆಯಲ್ಲಿ ಮುಂದಿನ ಪಾಳಿ ಎಂಬುದೇ ಇರಲಿಲ್ಲ. ನಾದಿನಿ ಆಗಾಗ ಬಂದು, ನಮ್ಮ ಅತ್ತಿಗೆ ನರ್ಸು, ಇನ್ನು ನಮಗೇನು ಚಿಂತೆ ಎಂದು ಕಾಫಿ ಕುಡಿದು ಹೋಗುತ್ತಿದ್ದಳು. ಹೀಗೆ ನಾಲ್ಕು ವರ್ಷ. ಅತ್ತೆ ತೀರಿಕೊಂಡ ಮೇಲೆ ನೆಂಟರೆಲ್ಲ ಚದುರಿದರು, ಮನೆ ಬಿಕೋ ಎಂದಿತು. ಆದರೆ ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಕಣ್ಣು ತೆರೆದುಕೊಳ್ಳುತ್ತಿತ್ತು. ಎದ್ದು ಕೂತು, ಮಾಡಲು ಏನೂ ಇಲ್ಲವೆಂದು ನೆನಪಾಗಿ, ಮತ್ತೆ ಮಲಗುತ್ತಿದ್ದಳು.

ಪೈಲ್ವಾನನ ಮನೆಗೆ ಹೋಗಿ ಬರೋಣವೇ ಎಂದು ಗಂಡ ಕೇಳಿದಾಗ ಆಕೆ ಎರಡನೆಯ ಮಾತಾಡದೆ ಒಪ್ಪಿಕೊಂಡದ್ದು ಇದಕ್ಕೇ. ಪೈಲ್ವಾನ ಕುಸ್ತಿ ಆಡಿದವನಲ್ಲ. ಆನೆಯಂಥ ಆಳಾದ್ದರಿಂದ ಆ ಹೆಸರು ಬಿದ್ದಿತ್ತು. ಒಂದು ಕಾಲದಲ್ಲಿ ಅವನೂ ಆಕೆಯ ಗಂಡನೂ ಸೇರಿ ಡ್ರೈವಿಂಗ್ ಸ್ಕೂಲ್ ತೆರೆದಿದ್ದರು. ಎರಡೂ ಸಂಸಾರಗಳು ಒಂದೇ ಮಹಡಿಯಲ್ಲಿ, ಒಂದೇ ಗೋಡೆಯ ಆಚೆ ಈಚೆ ಇದ್ದವು. ಆಮೇಲೆ ಪೈಲ್ವಾನನಿಗೆ ರಸ್ತೆ ಸಾಕಾಗಿ, ಪಾಲು ಬಿಟ್ಟುಕೊಟ್ಟು, ಸರೋವರದ ದಂಡೆಗೆ ಹೋಗಿ ಒಂದು ಲಾಂಚ್ ಕೊಂಡು, ಜನರನ್ನು ಆಚೆ ದಡಕ್ಕೆ ದಾಟಿಸುವ ಕೆಲಸಕ್ಕೆ ಇಳಿದ. ಅವನ ಹೆಂಡತಿ ಟೈಲರಕ್ಕ ತನ್ನ ಹೊಲಿಗೆ ಯಂತ್ರ ಹೊತ್ತುಕೊಂಡು ಹಿಂದೆ ಹೋದಳು. ಮಕ್ಕಳಿಲ್ಲದ ಇಬ್ಬರೂ ಅಲ್ಲಿ ಹಾಯಾಗಿದ್ದಾರೆಂದೇ ಸಿಸ್ಟರ್ ತಿಳಿದಿದ್ದಳು. ಮನೆಯ ಮಹಡಿಯ ಮೇಲೊಂದು ಕೋಣೆಯಿದೆಯಂತೆ, ಕಿಟಕಿ ತೆರೆದರೆ ನೀರಂತೆ. ಆ ಕೋಣೆಯಲ್ಲಿ ಬಿದ್ದುಕೊಂಡು ನಿದ್ದೆ ಹೊಡೆಯುವುದನ್ನೇ ಆಕೆ ಒಂದು ವಾರದಿಂದ ಎಣಿಸುತ್ತಿದ್ದಳು.

ಗಂಡನನ್ನು ಊರೆಲ್ಲ ಮೇಷ್ಟ್ರೇ ಎನ್ನುತ್ತಿತ್ತು. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಕಲಿಸಿದವರು. ಎಲ್ಲೇ ಹೋದರೂ ಪರೀಕ್ಷೆಗೆ ಕೂತವರ ಹಾಗೆ ಗಾಡಿ ಓಡಿಸುತ್ತಿದ್ದರು. ಖಾಲಿ ರಸ್ತೆಯಲ್ಲೂ ಇಂಡಿಕೇಟರ್, ಕುರಿ ಕಂಡರೂ ಹಾರನ್. ಹಿಂದಿನ ಲಾರಿಯವರು ಬೈದುಕೊಂಡು ಮುಂದೆ ಹೋಗುತ್ತಿದ್ದರು. ಸಾಧಾರಣವಾಗಿ ಅವರಿಗೆ ದಾರಿಯುದ್ದಕ್ಕೂ ಬಾಯಿ ಬಿಡುವಿರುವುದಿಲ್ಲ. ಅವನು ಗೇರ್ ಹಾಕಿದ್ದು ತಪ್ಪು, ಇವನು ತಿರುಗಿಸಿದ್ದು ತಪ್ಪು ಎಂದು ಪಾಠ ನಡೆದೇ ಇರುತ್ತದೆ. ಇವತ್ತು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಫೋನು ಹಿಡಿದು ಗೋಡೆಯ ಹಿಂದೆ ಹೋಗಿ ಯಾರ ಹತ್ತಿರವೋ ಮಾತಾಡಿ ಬಂದರು. ಸಿಸ್ಟರ್ ಕಣ್ಣು ಮುಚ್ಚಿಕೊಂಡೇ ಅದನ್ನು ಗಮನಿಸಿದಳು. ಕೇಳೋಣವೆನಿಸಿತು. ಬಾಯಿ ತೆರೆಯಲೂ ಬೇಸರವಾಗಿ ಸುಮ್ಮನಾದಳು.

ಮಧ್ಯಾಹ್ನ ಕಳೆದು ರಸ್ತೆ ಗುಡ್ಡ ಹತ್ತಿತು. ನೆತ್ತಿಯ ತಿರುವಿನಲ್ಲಿ ಒಮ್ಮೆಲೇ ಕೆಳಗೆ ನೀರು ಕಂಡಿತು. ಬಿಸಿಲಿಗೆ ಬಿಳುಚಿಕೊಂಡು, ಕಣ್ಣು ಹಾಯುವಷ್ಟು ದೂರ. ಮೇಷ್ಟ್ರು ಗಾಡಿಯನ್ನು ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ನಿಲ್ಲಿಸಿದರು. ಹಿಂದಕ್ಕೆ ತಿರುಗದೆ, ಕನ್ನಡಿಯಲ್ಲೂ ಹೆಂಡತಿಯ ಮುಖ ನೋಡದೆ ಹೇಳತೊಡಗಿದರು. ಪೈಲ್ವಾನನಿಗೆ ಲಕ್ವ ಹೊಡೆದು ಮೂರು ತಿಂಗಳಾಯಿತು. ಬಲಭಾಗ ಪೂರ್ತಿ ಬಿದ್ದುಹೋಗಿದೆ, ಮಾತೂ ಹೋಗಿದೆ. ಅಮ್ಮ ಕೊನೆಯ ಉಸಿರು ಎಳೆಯುತ್ತಿದ್ದ ದಿನಗಳಲ್ಲೇ ಸುದ್ದಿ ಬಂದಿತ್ತು, ಆಗ ಹೇಳಲು ಮನಸ್ಸು ಬರಲಿಲ್ಲ. ಟೈಲರಕ್ಕ ಆಮೇಲೂ ಫೋನು ಮಾಡುತ್ತಿದ್ದಾಳೆ. ಬಾಯಿಬಿಟ್ಟು ಏನನ್ನೂ ಕೇಳಿಲ್ಲ, ಬರೀ ಅಳುತ್ತಾಳೆ.

"ಅಂದ್ರೆ ನನ್ನನ್ನ ಡ್ಯೂಟಿಗೆ ಕರ್ಕೊಂಡು ಹೋಗ್ತಿದ್ದೀರಿ" ಎಂದಳು ಸಿಸ್ಟರ್.

"ಹಾಗಲ್ಲ. ಮೊದಲೇ ಹೇಳಿದ್ರೆ ನೀನು ಬರ್ತಿರ್ಲಿಲ್ಲ."

"ಅದೇ ನಾನು ಹೇಳಿದ್ದು."

ಕಿರುಚಾಡಬೇಕಿತ್ತು. ಗಾಡಿ ತಿರುಗಿಸಿ ಎನ್ನಬೇಕಿತ್ತು. ಎರಡಕ್ಕೂ ಮೈಯಲ್ಲಿ ಕಸುವಿರಲಿಲ್ಲ. ತಿರುಗಿ ಅಷ್ಟೇ ದೂರ, ಅದೇ ಇಂಡಿಕೇಟರ್, ಅದೇ ಹಾರನ್ ನೆನೆದೇ ಮೈ ಸೋತಿತು. ನಡೀರಿ ಎಂದು ಕೈಯಾಡಿಸಿ ಮತ್ತೆ ಶಾಲಿನೊಳಗೆ ಸೇರಿಕೊಂಡಳು.

ಮನೆ ದಂಡೆಗೆ ಅಂಟಿಕೊಂಡಂತೆಯೇ ಇತ್ತು. ಲಾಂಚ್ ಟಾರ್ಪಾಲು ಹೊದ್ದು ಕಟ್ಟೆಗೆ ಕಟ್ಟಿಸಿಕೊಂಡು ನಿಂತಿತ್ತು. ಬಾಗಿಲಿಗೆ ಬಂದ ಟೈಲರಕ್ಕನ ಗುರುತು ಸಿಸ್ಟರಿಗೆ ಒಮ್ಮೆಗೇ ಹತ್ತಲಿಲ್ಲ. ಅಳತೆಗೆ ತಕ್ಕ ಹಾಗೆ ಬಟ್ಟೆ ಹೊಲಿದುಕೊಳ್ಳುತ್ತಿದ್ದ ಹೆಂಗಸಿಗೆ ಈಗ ಅವಳದೇ ಅಂಗಿ ಇನ್ಯಾರದೋ ಎಂಬಂತೆ ಜೋಲುತ್ತಿತ್ತು. ಒಳಗೆ ಕಾಲಿಟ್ಟೊಡನೆ ಮೂಗಿಗೆ ಆ ವಾಸನೆ ಬಡಿಯಿತು: ಫಿನಾಯಿಲು, ಪೌಡರು, ಅವುಗಳಡಿಯಲ್ಲಿ ಎಷ್ಟು ತೊಳೆದರೂ ಬಿಡದ ಇನ್ನೊಂದು. ನಡುಮನೆಯಲ್ಲಿ ಸೋಫಾ ಇದ್ದ ಜಾಗಕ್ಕೆ ಮಂಚ ಬಂದಿತ್ತು. ಹೊಲಿಗೆ ಯಂತ್ರದ ಮೇಲೆ ಔಷಧಿ ಬಾಟಲಿಗಳು. ಪೈಲ್ವಾನ ಇವರನ್ನು ನೋಡಿದ್ದೇ ತಡ, ಅರ್ಧ ಮುಖದಲ್ಲಿ ನಕ್ಕು, ಆ ನಗು ಮುಗಿಯುವ ಮೊದಲೇ ಗೊಳೋ ಎಂದು ಅಳತೊಡಗಿದ. ಹೊದಿಕೆ ಒಂದು ಕಡೆ ಜಾರಿತ್ತು. ಸಿಸ್ಟರ್ ಕೈ ತನ್ನಷ್ಟಕ್ಕೆ ತಾನೇ ಅದರ ಅಂಚಿಗೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಅವನ ಚೆನ್ನಾಗಿದ್ದ ಎಡಗೈ ಹಿಡಿದು, ಪಕ್ಕದಲ್ಲಿ ಕೂತು, ಅಳು ನಿಲ್ಲುವವರೆಗೆ ಕಾದಳು. ಆಮೇಲೆ ಎದ್ದಳು.

"ಅಕ್ಕಾ, ನನಗೊಂದು ಮಂಚ ತೋರ್ಸಿ. ನಾನು ಮಲಗ್ಬೇಕು."

ಟೈಲರಕ್ಕನ ಮುಖ ಬಿಗಿಯಾಯಿತು. ಮೇಷ್ಟ್ರು ನೆಲ ನೋಡಿದರು. ಅಕ್ಕ ಮುಂದೆ, ಸಿಸ್ಟರ್ ಹಿಂದೆ ಮೆಟ್ಟಿಲು ಹತ್ತಿದರು. ಕಿಟಕಿ ತೆರೆದರೆ ನೀರು ನಿಜವಾಗಿಯೂ ಇತ್ತು. ಆಕೆ ಅದನ್ನು ಸರಿಯಾಗಿ ನೋಡಲೂ ಇಲ್ಲ. ಚಪ್ಪಲಿ ಕಳಚಿ ಬಿದ್ದವಳಿಗೆ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಮಗ್ಗುಲು ಬದಲಿಸಿದ್ದೂ ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಕೋಣೆಯ ನಡುವೆ ಬಂದು ಕೂತಿತ್ತು. ಕೆಳಗಿನಿಂದ ದಡಬಡ ಸದ್ದು, ನಡುವೆ ಪೈಲ್ವಾನನ ನರಳಾಟ. ಸಿಸ್ಟರ್ ಮೆಟ್ಟಿಲ ಅರ್ಧಕ್ಕೆ ಇಳಿದು ಬಗ್ಗಿ ನೋಡಿದಳು. ರೋಗಿಯನ್ನು ಮಂಚದಿಂದ ಗಾಲಿಕುರ್ಚಿಗೆ ಸಾಗಿಸುವ ಸಾಹಸ ನಡೆದಿತ್ತು. ಅಕ್ಕ ಬೆನ್ನು ತಳ್ಳುತ್ತಿದ್ದಳು. ಮೇಷ್ಟ್ರು ಸತ್ತ ಬಲಗೈಯನ್ನು ಹಗ್ಗದಂತೆ ಹಿಡಿದು ಜಗ್ಗುತ್ತಿದ್ದರು.

"ಆ ಕೈ ಬಿಡಿ. ಭುಜ ಕಳಚಿ ಬರತ್ತೆ."

ಇಬ್ಬರೂ ಬಿಟ್ಟರು. ಪೈಲ್ವಾನ ಮಂಚಕ್ಕೆ ಕುಸಿದ. ಈಗ ಇವಳು ಬಂದಳಲ್ಲ ಎಂದು ಮೇಷ್ಟ್ರು ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಸಿಸ್ಟರ್ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ಏಳಲಿಲ್ಲ.

"ನೀವು ಪಾಠ ಹೇಳುವಾಗ ಸ್ಟೇರಿಂಗ್ ಮುಟ್ತೀರಾ?"

"ಇಲ್ಲ" ಎಂದರು ಮೇಷ್ಟ್ರು. "ಮುಟ್ಟಿದ್ರೆ ಅವರು ಕಲಿಯಲ್ಲ."

"ನಾನೂ ಮುಟ್ಟಲ್ಲ. ಕುರ್ಚಿ ಈ ಕಡೆ ತನ್ನಿ, ಅವರ ಎಡಗಡೆಗೆ. ಗಾಲಿಗೆ ಬ್ರೇಕ್ ಹಾಕಿ. ಅದಾದ್ರೂ ನಿಮಗೆ ಬರತ್ತೆ."

ಪೈಲ್ವಾನನ ಗಂಟಲಿಂದ ಒಂದು ಸದ್ದು ಬಂತು. ನಕ್ಕದ್ದೆಂದು ಎಲ್ಲರಿಗೂ ಗೊತ್ತಾಯಿತು. ಆಕೆ ಒಂದೊಂದೇ ಹೇಳಿದಳು, ಗಂಡ ಒಂದೊಂದೇ ಮಾಡಿದರು. ಅವನ ಬಲ ಮೊಣಕಾಲಿಗೆ ನಿಮ್ಮ ಮೊಣಕಾಲು ಒತ್ತು ಕೊಡಿ. ಅವನ ಸೊಂಟಕ್ಕೆ ಪಟ್ಟಿ ಕಟ್ಟಿ ಅದನ್ನು ಹಿಡಿಯಿರಿ. ಬೆನ್ನು ಬಗ್ಗಿಸಬೇಡಿ, ಕಾಲು ಬಗ್ಗಿಸಿ. ಅವನಿಗೆ ಮುಂದಕ್ಕೆ ಬಾಗಲು ಹೇಳಿ, ಅವನ ಭಾರ ಅವನೇ ಸ್ವಲ್ಪ ಹೊರಲಿ. ಮೊದಲ ಸಲ ಇಬ್ಬರೂ ಒಟ್ಟಿಗೆ ಹಾಸಿಗೆಯ ಮೇಲೆ ಬಿದ್ದರು. ಎರಡನೆಯ ಸಲ ಪೈಲ್ವಾನ ಕುರ್ಚಿಯಲ್ಲಿದ್ದ. ಮೇಷ್ಟ್ರು ಬೆವರಿ ತೊಪ್ಪೆಯಾಗಿ ಗೋಡೆಗೆ ಒರಗಿ ನಿಂತರು.

ಅಂದಿನಿಂದ ಪಾಠ ನಡೆಯಿತು. ತುತ್ತು ಸಣ್ಣದಿರಬೇಕು, ಎಡಗೆನ್ನೆಯ ಕಡೆ ಇಡಬೇಕು, ನುಂಗಿದ ಮೇಲೆ ಬಲಗೆನ್ನೆಯೊಳಗೆ ಉಳಿದಿದೆಯೇ ನೋಡಬೇಕು. ಮೈ ಒರೆಸುವಾಗ ಒಂದು ಭಾಗ ಒರೆಸಿ, ಮುಚ್ಚಿ, ಆಮೇಲೆ ಇನ್ನೊಂದು. ಗಂಡಸಿಗೆ ನಾಚಿಕೆ ಇರುತ್ತದೆ, ಅದನ್ನು ನೋಡದವರ ಹಾಗೆ ಮಾಡಬೇಕು. ಗಂಡ ಮಲದ ಬಟ್ಟಲು ಹಿಡಿದು ಮುಖ ಕಿವುಚಿಕೊಂಡು ಬಚ್ಚಲಿಗೆ ಹೋಗುವುದನ್ನು ನೋಡುತ್ತಿದ್ದಾಗ ಸಿಸ್ಟರಿಗೆ ಹೊಳೆಯಿತು: ನಾಲ್ಕು ವರ್ಷದಲ್ಲಿ ಇವರು ಹೆತ್ತ ತಾಯಿಗೆ ಇದನ್ನು ಒಮ್ಮೆಯೂ ಮಾಡಿರಲಿಲ್ಲ. ಬಾಗಿಲಲ್ಲಿ ನಿಂತು, ಏನಾದರೂ ಬೇಕಾ ಎಂದು ಕೇಳುತ್ತಿದ್ದರು. ತಾನೂ, ನೀವು ಹೋಗಿ, ನಾನು ಮಾಡುತ್ತೇನೆ ಎನ್ನುತ್ತಿದ್ದಳು. ಕಲಿಸಿ ಕೂರುವುದಕ್ಕಿಂತ ಮಾಡಿ ಮುಗಿಸುವುದೇ ಸುಲಭವಾಗಿ ಕಂಡಿತ್ತು.

ಒಂದು ಸಂಜೆ ಗಂಡಸರಿಬ್ಬರನ್ನೂ ಒಳಗೆ ಬಿಟ್ಟು ಹೆಂಗಸರು ದಂಡೆಯ ಬೆಂಚಿಗೆ ಬಂದರು. ನೀರು ಕಲ್ಲಿಗೆ ಮೆತ್ತಗೆ ಬಡಿಯುತ್ತಿತ್ತು. ಗಂಡನನ್ನು ನೋಡಿಕೊಳ್ಳಲು ಇಟ್ಟುಕೊಂಡಿದ್ದವನು ಅವನ ಭಾರಕ್ಕೆ ಹೆದರಿ ಬಿಟ್ಟುಹೋದದ್ದು, ಪಕ್ಕದವರು ಮೊದಲು ದಿನವೂ ಬರುತ್ತಿದ್ದವರು ಆಮೇಲೆ ಕೈ ಬೀಸುವಷ್ಟಕ್ಕೆ ನಿಂತದ್ದು, ಹೀಗೆ ಟೈಲರಕ್ಕ ತುಂಡು ತುಂಡಾಗಿ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ನೀನು ಬಂದ ಕೂಡ್ಲೇ ಮಲಗ್ಬೇಕು ಅಂದಾಗ ನನಗೆ ಮೈಯೆಲ್ಲ ಉರಿದುಹೋಯ್ತು ಕಣೇ."

"ಗೊತ್ತಾಯ್ತು ಅಕ್ಕ."

"ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಒಂದೊಂದ್ಸಲ ಅನ್ಸತ್ತೆ, ಅವತ್ತೇ ಎಲ್ಲ ಮುಗಿದುಹೋಗಿದ್ರೆ ಚೆನ್ನಾಗಿತ್ತೇನೋ ಅಂತ. ಅವರ ಮುಖ ಒರೆಸ್ತಾ ಇರುವಾಗ್ಲೇ ಅನ್ಸತ್ತೆ."

ಸಿಸ್ಟರ್ ನೀರನ್ನೇ ನೋಡುತ್ತಿದ್ದಳು. "ನನಗೂ ಅನಿಸ್ತಿತ್ತು. ಅತ್ತೆ ಹೋದಾಗ ನಾನು ಅಳ್ಲಿಲ್ಲ. ಹಾಸಿಗೆ ಬಿಸಿಲಿಗೆ ಹಾಕ್ದೆ. ನಾದಿನಿ ಅದನ್ನ ಊರೆಲ್ಲ ಹೇಳ್ಕೊಂಡು ಬಂದ್ಲು."

ಟೈಲರಕ್ಕ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಬೆಂಚಿನ ಮೇಲೆ ಕಾಲು ಎತ್ತಿ ಹಾಕಿ, ಸಿಸ್ಟರ್ ತೊಡೆಯ ಮೇಲೆ ತಲೆಯಿಟ್ಟಳು. ಲಾಂಚ್ ಮಾರಬೇಕೋ ಬೇಡವೋ ಎಂದು ಏನೋ ಹೇಳಲು ಹೊರಟವಳು ಮಾತಿನ ಅರ್ಧಕ್ಕೇ ನಿದ್ದೆ ಹೋದಳು. ಕತ್ತಲಾಗುತ್ತ ಬಂದು ಸೊಳ್ಳೆ ಮುತ್ತಿದವು. ಸಿಸ್ಟರ್ ಜೋಮು ಹಿಡಿದ ಕಾಲನ್ನು ಅಲುಗಿಸದೆ, ಶಾಲಿನ ತುದಿಯಿಂದ ಸೊಳ್ಳೆ ಅಟ್ಟುತ್ತ ಕೂತಳು.

ಹೊರಡುವ ದಿನ ಬೆಳಿಗ್ಗೆ ಮೇಷ್ಟ್ರು ಹೆಂಡತಿಯ ಬ್ಯಾಗನ್ನು ಮಾತ್ರ ಕೆಳಗೆ ತಂದರು. ತಮ್ಮದನ್ನು ತರಲಿಲ್ಲ. ಡ್ರೈವಿಂಗ್ ಸ್ಕೂಲನ್ನು ಅಲ್ಲಿ ಪಾಠ ಹೇಳುವ ಹುಡುಗ ಸ್ವಲ್ಪ ದಿನ ನೋಡಿಕೊಳ್ಳುತ್ತಾನೆ ಎಂದರು. ಪೈಲ್ವಾನ ನಿಲ್ಲುವ ಹಾಗಾಗುವವರೆಗೆ ಇದ್ದು ಬರುತ್ತೇನೆ ಎಂದರು. ಆಮೇಲೆ ಬ್ಯಾಗಿನ ಜಿಪ್ಪನ್ನು ಸುಮ್ಮಸುಮ್ಮನೆ ಎಳೆದಾಡುತ್ತ ನಿಂತರು.

"ಅಮ್ಮನಿಗೆ ನಾನು ಏನೂ ಮಾಡ್ಲಿಲ್ಲ" ಎಂದರು.

"ಹೌದು, ಮಾಡ್ಲಿಲ್ಲ" ಎಂದಳು ಸಿಸ್ಟರ್. ಸಮಾಧಾನ ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. ಸೊಂಟ ನೋಡಿಕೊಳ್ಳಿ, ಆಮೇಲೆ ನಿಮ್ಮನ್ನು ಎತ್ತಲು ನನ್ನ ಕೈಲಾಗದು ಎಂದು ಮಾತ್ರ ಹೇಳಿ ಬಸ್ಸು ಹತ್ತಿದಳು.

ಆಯಾಸ ಒಂದೇ ಸಲಕ್ಕೆ ಇಳಿಯಲಿಲ್ಲ. ಖಾಲಿ ಮನೆಯಲ್ಲಿ ಆಕೆ ಮಲಗಿದಳು, ಎದ್ದಳು, ಬ್ರೆಡ್ಡು ತಿಂದಳು, ಮತ್ತೆ ಮಲಗಿದಳು. ನಾದಿನಿ ಬಂದು ಬಾಗಿಲು ಬಡಿದು ಹೋದಳು. ಪೈಲ್ವಾನ ಗೋಡೆ ಹಿಡಿದು ನಿಂತನೆಂದೂ, ಲಾಂಚ್ ಮಾರಾಟವಾಯಿತೆಂದೂ, ಅದನ್ನು ಕೊಂಡವನ ತಮ್ಮನೇ ಬೆಳಿಗ್ಗೆ ಸಂಜೆ ಬಂದು ಎತ್ತಿ ಕೂರಿಸಲು ಒಪ್ಪಿದನೆಂದೂ ಫೋನಿನಲ್ಲಿ ಸುದ್ದಿ ಬರುತ್ತಿತ್ತು. ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ಬರುವುದು ಕಷ್ಟವೆಂದು ಆಕೆಗೆ ಗೊತ್ತಿತ್ತು, ಹೇಳಲಿಲ್ಲ.

ಮೇಷ್ಟ್ರು ಮರಳಿದಾಗ ಅರ್ಧಕ್ಕರ್ಧ ಇಳಿದುಹೋಗಿದ್ದರು. ಮೈಯೆಲ್ಲ ನೋವಿನ ಮುಲಾಮಿನ ವಾಸನೆ. ಕುರ್ಚಿಯಲ್ಲಿ ಕೂತು ಬಗ್ಗಿ ಶೂ ಬಿಚ್ಚಲು ನೋಡಿದರು, ಆಗಲಿಲ್ಲ. ಹಾಗೇ ಹಿಂದಕ್ಕೆ ಒರಗಿದರು. ಸಿಸ್ಟರ್ ಚಹಾ ಮಾಡಿ ಎರಡು ಲೋಟ ತರುವಷ್ಟರಲ್ಲಿ ಅವರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಆಕೆ ಎದುರು ಕೂತು ತನ್ನ ಚಹಾ ಕುಡಿದಳು. ಅವರದ್ದು ಆರಿಹೋಯಿತು. ಎಬ್ಬಿಸಲಿಲ್ಲ.