ಎಂಜಿನ್ನಿಗೆ ಸುರಿದ ಸೀಮೆಎಣ್ಣೆ

ಕಾರು ಓಡಿಸಲು ಕಲಿಸುವ ಮೇಡಂಗೂ ಅವರ ಅಳಿಯನಿಗೂ ನೇರ ಮಾತು ನಿಂತುಹೋಗಿ ಬಹಳ ಕಾಲವಾಗಿತ್ತು. ಏನಾದರೂ ಹೇಳಲೇಬೇಕಾದರೆ ಇಬ್ಬರೂ ಮಗಳನ್ನು ನಡುವೆ ಇಟ್ಟುಕೊಂಡು ಹೇಳುತ್ತಿದ್ದರು. ಮೂವರೂ ಒಂದೇ ಮೇಜಿನ ಮುಂದೆ ಕೂತಿರುವಾಗಲೂ ಅಷ್ಟೇ.

"ಬಚ್ಚಲ ನಲ್ಲಿ ತೊಟ್ಟಿಕ್ತಾ ಇದೆ ಅಂತ ನಿನ್ನ ಗಂಡನಿಗೆ ಹೇಳು."

"ಕೊನೇಲಿ ಕೈ ತೊಳೆದೋರು ಯಾರು ಅಂತ ನಿಮ್ಮಮ್ಮನ್ನ ಕೇಳು."

ಮಗಳು ಯಾರಿಗೂ ಏನೂ ಹೇಳದೆ ಎದ್ದುಹೋಗಿ ನಲ್ಲಿ ತಿರುಗಿಸಿ ಬರುತ್ತಿದ್ದಳು.

ಜಗಳ ಶುರುವಾದದ್ದು ಕಾರಿನಿಂದಲೇ. ಮದುವೆಯಾಗಿ ಆ ಮನೆಗೆ ಬಂದ ಹೊಸತರಲ್ಲಿ ಅಳಿಯ, ಬಾಗಿಲಲ್ಲಿ ನಿಂತ ಹಳೇ ಬಿಳಿ ಕಾರನ್ನು ನೋಡಿ, "ಇದನ್ನ ಇನ್ನೂ ಗುಜರಿಗೆ ಹಾಕಿಲ್ವಾ?" ಎಂದು ನಕ್ಕಿದ್ದ. ಗಂಡ ಸತ್ತ ಮೇಲೆ ಮೇಡಂ ಮಗಳನ್ನು ಓದಿಸಿದ್ದು, ಮನೆಗೆ ಸುಣ್ಣ ಬಳಿಸಿದ್ದು, ಅದೇ ಅಳಿಯನ ಕಡೆಯವರಿಗೆ ಮದುವೆಯೂಟ ಹಾಕಿಸಿದ್ದು ಎಲ್ಲಾ ಆ ಕಾರಿನಿಂದ. ಆ ನಗು ಅವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅಳಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂದಿನಿಂದ ಅವರ ಬಾಯಲ್ಲಿ ಅವನು "ಡಾಕ್ಟ್ರು" ಆದ.

ಈಚೆಗೆ ಕಾರು ನಿಜಕ್ಕೂ ಸೊರಗಿತ್ತು. ಎಂಜಿನ್ ತಿರುಗುವಾಗ ಟಕಟಕ ಸದ್ದು; ನಿಧಾನಕ್ಕೆ ಹೋದರೆ ಆಯಿಲ್ಲಿನ ಕೆಂಪು ದೀಪ ಮಿಣಮಿಣ. ಗ್ಯಾರೇಜಿನವನು ಆಯಿಲ್ ಸುರಿಯುವ ಮುಚ್ಚಳ ತೆಗೆದು ಬೆರಳು ಹಾಕಿ, ಡಾಂಬರಿನಂಥ ಕಪ್ಪು ಮುದ್ದೆಯನ್ನು ಹೊರಗೆಳೆದು ತೋರಿಸಿದ. ಅವನು ಎಷ್ಟು ಸಾವಕಾಶದ ಮನುಷ್ಯನೆಂದರೆ ಊರೇ ಅವನನ್ನು ನಿಧಾನಪ್ಪ ಎಂದು ಕರೆಯುತ್ತಿತ್ತು.

"ಒಳಗೆಲ್ಲಾ ಕಿಟ್ಟ ಕಟ್ಟಿದೆ ಮೇಡಂ. ಆಯಿಲ್ ಬದಲಾಯಿಸ್ದೆ ಮೇಲಿಂದ ಮೇಲೆ ಸುರೀತಾ ಬಂದ್ರೆ ಹಿಂಗೇ. ಕೆಳಗಿನ ತಟ್ಟೆ ಬಿಚ್ಚಿ ಕೈಯಲ್ಲೇ ಕೆರೀಬೇಕು. ಬಿಟ್ಟು ಹೋಗಿ."

"ನಿನ್ನ ಹತ್ರ ಬಿಟ್ಟು ಹೋದ್ರೆ ಕಲಿಯೋರ ಮೊಮ್ಮಕ್ಕಳು ಬಂದು ಪರೀಕ್ಷೆ ಕೊಡಬೇಕಾಗುತ್ತೆ," ಎಂದು ಮೇಡಂ ಬಾಗಿಲು ದಬ್ಬೆಂದು ಹಾಕಿಕೊಂಡು ಬಂದುಬಿಟ್ಟರು.

ಸುದ್ದಿ ಬೀದಿಯಲ್ಲಿ ಹರಡಿದ್ದೇ ತಡ, ಎಲ್ಲರೂ ವೈದ್ಯರಾದರು. ಪಕ್ಕದ ಮನೆಯವರು ಡೀಸೆಲ್ ಹಾಕಿ ಅಂದರು. ಕ್ಷೌರದಂಗಡಿಯವನು ಬಟ್ಟೆ ಸೋಡಾ ಕಲಸಿ ಬಿಡಿ, ಫಳಫಳ ಆಗುತ್ತೆ ಅಂದ. ಅಳಿಯನೂ ಊಟಕ್ಕೆ ಕೂತಾಗ ಬಾಯಿಬಿಟ್ಟ: "ನಿಮ್ಮಮ್ಮನಿಗೆ ಹೇಳು, ಹಳೇ ಆಯಿಲ್ಲಿಗೇ ಒಂದಿಷ್ಟು ಸೀಮೆಎಣ್ಣೆ ಸೇರಿಸಿ, ನಿಂತಲ್ಲೇ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಬಿಸಿ ಇರುವಾಗಲೇ ಬಸಿದುಬಿಟ್ರೆ ಕಿಟ್ಟ ಎಲ್ಲಾ ಕರಗಿ ಬರುತ್ತೆ, ಆಮೇಲೆ ಹೊಸ ಆಯಿಲ್ ಹಾಕಿದ್ರಾಯ್ತು. ನಮ್ಮಪ್ಪನ ವ್ಯಾನಿಗೆ ಹಾಗೇ ಮಾಡ್ತಿದ್ದಿದ್ದು."

"ನಿನ್ನ ಗಂಡನಿಗೆ ಹೇಳು, ಆ ವ್ಯಾನು ಈಗ ಎಲ್ಲಿದೆ ಅಂತ."

ಅಳಿಯನ ಮುಖ ಕೆಂಪಾಯಿತು. ವ್ಯಾನು ಗುಜರಿಗೆ ಹೋದದ್ದು ಎಲ್ಲರಿಗೂ ಗೊತ್ತಿತ್ತು. "ನನ್ನ ಕಾರಿಗೆ ಯಾರಾದ್ರೂ ಕೈ ಹಾಕಿದ್ರೆ ಕೈ ಮುರೀತೀನಿ. ಇದನ್ನೂ ಹೇಳು," ಎಂದು ಮೇಡಂ ತಟ್ಟೆ ಎತ್ತಿಕೊಂಡು ಎದ್ದರು.

ಆ ವಾರದ ರಜೆಯ ದಿನ ಮೇಡಂ ಕಾಯಿಲೆಯ ಅಕ್ಕನನ್ನು ನೋಡಲು ಬಸ್ಸಿನಲ್ಲಿ ಹೋಗಿ ಸಂಜೆಗೆ ಬಂದರು. ಮಾರನೆಯ ದಿನ ಕೀಲಿ ತಿರುಗಿಸಿದರೆ ಕಾರು ಬೆಣ್ಣೆಯಂತೆ ಶುರುವಾಯಿತು. ಟಕಟಕ ಇಲ್ಲ, ಕೆಂಪು ದೀಪವೂ ಇಲ್ಲ. ಅವರಿಗೆ ಆಶ್ಚರ್ಯವಾದರೂ ಏನನ್ನೂ ಕೆದಕಲಿಲ್ಲ. ಸರಿಹೋದದ್ದನ್ನು ಯಾರು ಪ್ರಶ್ನೆ ಮಾಡುತ್ತಾರೆ?

ಸುಖ ಹೆಚ್ಚು ದಿನ ಬಾಳಲಿಲ್ಲ. ಒಬ್ಬ ಹೊಲಿಗೆಯ ಹೆಂಗಸು ಸೇತುವೆಯ ಏರಿನಲ್ಲಿ ಕಾರು ಹತ್ತಿಸುವುದನ್ನು ಕಲಿಯುತ್ತಿದ್ದಳು. ಅರ್ಧ ಏರುವಷ್ಟರಲ್ಲಿ ಕೆಂಪು ದೀಪ ಹತ್ತಿಕೊಂಡಿತು. ಮೇಡಂ "ನಿಲ್ಸು, ನಿಲ್ಸು!" ಎನ್ನುವ ಮೊದಲೇ ಒಳಗಿನಿಂದ ಸುತ್ತಿಗೆಯಲ್ಲಿ ಬಡಿದಂಥ ಸದ್ದು ಬಂತು, ಎಂಜಿನ್ ಗಕ್ಕನೆ ಹಿಡಿದುಕೊಂಡಿತು. ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ನೀರಿನ ಟ್ಯಾಂಕರ್ ಇತ್ತು. ಹೊಲಿಗೆಯಾಕೆ ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ತಮ್ಮ ಕಡೆಯ ಬ್ರೇಕನ್ನು ಒದ್ದು, ಕೈಬ್ರೇಕನ್ನು ಕಿತ್ತುಬರುವ ಹಾಗೆ ಎಳೆದರು. ಟ್ಯಾಂಕರಿನ ಮೂತಿಗೆ ತಾಗಿಯೂ ತಾಗದಂತೆ ಕಾರು ನಿಂತಿತು.

ಗ್ಯಾರೇಜಿಗೆ ಎಳೆಸಿಕೊಂಡು ಹೋದ ಮೇಲೆ ನಿಧಾನಪ್ಪ ಅಂದು ಮಾತ್ರ ಬೇಗ ಬೇಗ ತಟ್ಟೆ ಬಿಚ್ಚಿದ. ಆಯಿಲ್ ಹೀರಿಕೊಳ್ಳುವ ಕೊಳವೆಯ ಬಾಯಿಗಿರುವ ಜಾಲರಿಯನ್ನು ತೋರಿಸಿದ. ಒಂದು ಕಣ್ಣೂ ತೆರೆದಿರಲಿಲ್ಲ. ಕಪ್ಪು ಹಕ್ಕಳೆಗಳು ಅಲ್ಲಿ ಮೆತ್ತಿಕೊಂಡಿದ್ದವು.

"ಯಾರೋ ಸೀಮೆಎಣ್ಣೆ ಹಾಕಿ ತೊಳೆದಿದಾರೆ. ಗೋಡೆಗೆ ಅಂಟಿದ್ದ ಕಿಟ್ಟ ಪೂರ್ತಿ ಕರಗದೆ ಚೂರು ಚೂರಾಗಿ ಕಳಚಿ ಇಲ್ಲಿ ಬಂದು ಕೂತಿದೆ. ಎಂಜಿನ್ನಿಗೆ ಆಯಿಲ್ಲೇ ಹತ್ತಿಲ್ಲ. ಬೇರಿಂಗ್ ಸವೆದುಹೋಗಿದೆ."

ಮೇಡಂ ಅಲ್ಲಿಂದ ನೇರವಾಗಿ ನಡೆದದ್ದು ಔಷಧಿ ಅಂಗಡಿಗೆ. ಗಿರಾಕಿಗಳು ಚೀಟಿ ಹಿಡಿದು ನಿಂತಿದ್ದರು. ಅವರನ್ನೆಲ್ಲ ಸರಿಸಿ ಕಟ್ಟೆಯ ಮೇಲೆ ಕೈ ಬಡಿದು, ಎಷ್ಟೋ ಕಾಲದ ನಂತರ ಅಳಿಯನನ್ನು ನೇರವಾಗಿ ಕೇಳಿದರು:

"ಡಾಕ್ಟ್ರೇ, ನನ್ನ ಕಾರಿಗೆ ಏನ್ ಔಷಧಿ ಕುಡಿಸಿದ್ರಿ? ಇವರಿಗೂ ಅದನ್ನೇ ಕೊಡ್ತೀರಾ? ಇವತ್ತು ಎರಡು ಹೆಣ ಬೀಳ್ತಿತ್ತು ಸೇತುವೆ ಮೇಲೆ!"

ಅಳಿಯ ಕೈಯಲ್ಲಿದ್ದ ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟ. "ಸೀಮೆಎಣ್ಣೆ ತಂದಿದ್ದು ನಾನೇ. ಆದ್ರೆ ರೋಗ ಬರಿಸಿದ್ದು ನೀವು, ಅತ್ತೆ. ಮಾವ ಹೋದ್ಮೇಲೆ ಅದಕ್ಕೆ ಒಂದು ಸಲನಾದ್ರೂ ಆಯಿಲ್ ಬದಲಾಯಿಸಿದ್ರಾ?"

ಗಿರಾಕಿಗಳು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು. ಅಂಗಡಿಯ ಯಜಮಾನ ಒಳಗಿನಿಂದ ಬಂದು ಇಬ್ಬರನ್ನೂ ಆಚೆ ಹೋಗಿ ಎಂದ. ಬೀದಿಯಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡದೆ ಒಂದೊಂದು ದಿಕ್ಕಿಗೆ ಹೋದರು.

ಸಂಜೆ ಮಗಳು ಕೆಲಸದಿಂದ ಬಂದಾಗ ಗಂಡನ ಬಟ್ಟೆಗಳೆಲ್ಲ ನಡುಮನೆಯಲ್ಲಿ ರಾಶಿ ಬಿದ್ದಿದ್ದವು. "ನಿನ್ನ ಗಂಡನಿಗೆ ಹೇಳು, ಇವತ್ತೇ ಮನೆ ಖಾಲಿ ಮಾಡಲಿ," ಎಂದರು ಮೇಡಂ. ಅಳಿಯ ಬಾಗಿಲಲ್ಲಿ ತುಟಿ ಕಚ್ಚಿಕೊಂಡು ನಿಂತಿದ್ದ.

ಮಗಳು ಕೈಚೀಲವನ್ನೂ ಇಳಿಸಲಿಲ್ಲ. "ಅವರಿಗೆ ಯಾಕೆ ಹೇಳ್ಲಿ? ಸುರಿದಿದ್ದು ನಾನು."

"ಸುಳ್ಳು. ಅವನನ್ನ ಕಾಪಾಡೋಕೆ ಹೇಳ್ತಿದೀಯ."

"ಸೀಮೆಎಣ್ಣೆ ತಂದ್ಮೇಲೆ ಅವರೇ ಹೆದರಿ ಬೇಡ ಅಂದ್ರು. ಅಮ್ಮನಿಗೆ ಗೊತ್ತಾದ್ರೆ ಗತಿ ಏನು ಅಂದ್ರು. ಲಾಳಿಕೆ ಇಟ್ಟು ನಾನೇ ಸುರಿದೆ. ಅಮ್ಮಾ, ಹೆಸರು ಗೊತ್ತಿಲ್ಲದೋರ ಕೈಗೂ ನೀನು ಆ ಸ್ಟೀರಿಂಗ್ ಕೊಡ್ತೀಯ. ಊರಿನ ಅರ್ಧ ಹೆಂಗಸರು ನಿನ್ನ ಹತ್ರ ಕಲಿತಿದಾರೆ. ನಾನು ಒಂದು ಸಲ ಗೇಟಿಗೆ ಗುದ್ದಿದೆ ಅಂತ ಮತ್ತೆ ಕೂರಿಸಲೇ ಇಲ್ಲ. ನನ್ನಿಂದಾನೂ ಅದಕ್ಕೊಂದು ಒಳ್ಳೇದಾಗ್ಲಿ ಅಂತ ಮಾಡಿದೆ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮೇಡಂ ನಾಲಿಗೆಗೆ ಅವತ್ತು ಬ್ರೇಕ್ ಇರಲಿಲ್ಲ. "ನಿನ್ನ ಕೈಗುಣಾನೇ ಅಂಥದ್ದು. ನಿನ್ನ ಹತ್ರ ಯಾವುದು ಉಳಿದಿದೆ?"

ಮಗಳ ಹೊಟ್ಟೆಯಲ್ಲಿದ್ದ ಮಗು ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಆಡಿದ ಮಾತು ಎಲ್ಲಿ ಹೋಗಿ ನಾಟಿತೆಂಬುದು ಮೇಡಂಗೆ ಆಡಿದ ಕೂಡಲೇ ತಿಳಿಯಿತು. ಆದರೂ "ನಾನು ಹಾಗೆ ಅಂದಿದ್ದಲ್ಲ" ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಮಗಳು ಬಗ್ಗಿ ಗಂಡನ ಬಟ್ಟೆಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ಒಳಗೆ ಹೋಗಿ ತನ್ನವನ್ನೂ ತಂದಳು. ಅಳಿಯ ಮೊದಲ ಬಾರಿಗೆ ಅತ್ತೆಯ ಕಡೆ ಕನಿಕರದಿಂದ ನೋಡಿದ. ಮೇಡಂಗೆ ಬೈಗುಳಕ್ಕಿಂತ ಅದೇ ಹೆಚ್ಚು ಉರಿಯಿತು.

ಇಬ್ಬರೂ ಮಾರುಕಟ್ಟೆಯ ಹಿಂದೆ ಬಾಡಿಗೆಗೆ ಒಂದು ಕೋಣೆ ಹಿಡಿದರು. ನಿಧಾನಪ್ಪ ತನ್ನ ಹೆಸರಿಗೆ ತಕ್ಕಂತೆ ಕೆಲಸ ಮಾಡಿದರೂ ಎಂಜಿನ್ನಿಗೆ ಜೀವ ಬಂತು. ಮೇಡಂ ಮತ್ತೆ ಕಲಿಸಲು ಶುರುಮಾಡಿದರು. ಮಗಳಿಗೆ ಫೋನು ಮಾಡಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡರು. ಮೊದಲ ಮಾತು ಏನೆಂದು ತೋಚದೆ ಕೆಳಗಿಟ್ಟರು.

ಒಂದು ಬೆಳಿಗ್ಗೆ ಹೊಸ ಹುಡುಗಿಯೊಬ್ಬಳಿಗೆ ಕಲಿಸುತ್ತ ವೃತ್ತದ ಸಿಗ್ನಲ್ ದೀಪಕ್ಕೆ ನಿಂತಿದ್ದರು. ಪಕ್ಕದಲ್ಲಿ ಬಂದು ನಿಂತದ್ದು, ಅವರಿಗೆ ಕಂಡರಾಗದ ಇನ್ನೊಂದು ಡ್ರೈವಿಂಗ್ ಶಾಲೆಯ ಹೊಚ್ಚ ಹೊಸ ಕಾರು. ಸ್ಟೀರಿಂಗ್ ಹಿಡಿದಿದ್ದವಳು ಮಗಳು. ಹಸಿರು ದೀಪ ಬಂತು. ಮಗಳ ಕಾರು ಒಮ್ಮೆ ಕುಪ್ಪಳಿಸಿ ಬಂದ್ ಆಯಿತು. ಮತ್ತೆ ಶುರುಮಾಡಿದಳು, ಮತ್ತೆ ಬಂದ್.

ಮೇಡಂಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಕ್ಲಚ್ ಅಷ್ಟು ಬೇಗ ಬಿಡ್ತಾರಾ? ಅರ್ಧಕ್ಕೆ ಹಿಡಿ! ನಡುಗಿದ ಮೇಲೆ ಆಕ್ಸಿಲರೇಟರ್ ಕೊಡು!"

ಮಗಳು ಅವರನ್ನು ನೆಟ್ಟಗೆ ನೋಡಿದಳು. ತನ್ನ ಕಡೆಯ ಗಾಜನ್ನು ಪೂರ್ತಿ ಏರಿಸಿಕೊಂಡಳು. ಆಮೇಲೆ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಕಾರು ನಡುಗುವವರೆಗೆ ಕಾದು, ಒಂದಿಷ್ಟೂ ಜರ್ಕ್ ಇಲ್ಲದೆ ಹೊರಟುಹೋದಳು.

"ಯಾರು ಮೇಡಂ ಅವರು?" ಎಂದಳು ಹುಡುಗಿ.

"ರಸ್ತೆ ನೋಡು," ಎಂದರು ಮೇಡಂ. ತಾವು ಮಾತ್ರ ಆ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅತ್ತಲೇ ನೋಡುತ್ತಿದ್ದರು.